ತಾಯಿಯ ಬುತ್ತಿ ಮುಗಿದ ಮೇಲೆ

ಹಣ್ಣಿನ ನೊಣದ ಮೊಟ್ಟೆ ಅರ್ಧ ಮಿಲಿಮೀಟರ್ ಉದ್ದ. ತಾಯಿನೊಣ ಅದನ್ನು ಕೊಳೆತ ಹಣ್ಣಿನ ಮೇಲೆ ಇಟ್ಟು ಹಾರಿಹೋದರೆ ಮುಗಿಯಿತು, ಮತ್ತೆ ತಿರುಗಿ ನೋಡುವುದಿಲ್ಲ. ಹವೆ 25 ಡಿಗ್ರಿ ಇದ್ದರೆ ಸುಮಾರು ಒಂದೇ ದಿನದಲ್ಲಿ ಮೊಟ್ಟೆಯೊಡೆದು ಮರಿಹುಳು ಹೊರಬಂದು ತಿನ್ನತೊಡಗುತ್ತದೆ. ಈ ಅವಸರದ ಬದುಕಿನ ಮೊದಲ ಎರಡು ಗಂಟೆಗಳು ತೀರಾ ವಿಚಿತ್ರವಾದವು. ಗಂಡು-ಹೆಣ್ಣಿನ ಕೋಶಕೇಂದ್ರಗಳು ಕೂಡಿದ್ದೇ ತಡ, ಒಂದು ಎರಡಾಗುತ್ತದೆ, ಎರಡು ನಾಲ್ಕು, ನಾಲ್ಕು ಎಂಟು. ಆರಂಭದ ಸುತ್ತುಗಳಿಗೆ ತಲಾ ಎಂಟು-ಹತ್ತು ನಿಮಿಷ ಸಾಕು. ನಡುವೆ ಗೋಡೆ ಏಳುವುದಕ್ಕೂ ಪುರುಸೊತ್ತಿಲ್ಲ. ಒಂದೇ ಚೀಲದ ರಸದಲ್ಲಿ ನೂರಾರು, ಆಮೇಲೆ ಸಾವಿರಾರು ಕೋಶಕೇಂದ್ರಗಳು. ಪ್ರತಿಯೊಂದರಲ್ಲೂ ಇಡೀ ನೊಣವನ್ನು ಕಟ್ಟಬಲ್ಲ ಜೀನ್‌ಗಳೆಲ್ಲ ಇವೆ. ಆದರೆ ಹೆಚ್ಚೂಕಮ್ಮಿ ಅಷ್ಟೂ ಜೀನ್‌ಗಳು ಸುಮ್ಮನಿವೆ.

ಹಾಗಾದರೆ ಕೆಲಸ ನಡೆಯುವುದು ಯಾವುದರ ಬಲದಿಂದ? ತಾಯಿ ಮೊಟ್ಟೆಯೊಳಗೆ ತುಂಬಿಟ್ಟ ಆರ್‌ಎನ್‌ಎ ಮತ್ತು ಪ್ರೋಟೀನ್‌ಗಳಿಂದ. ದೂರದ ದಾರಿಗೆ ಕಟ್ಟಿಕೊಟ್ಟ ಬುತ್ತಿ ಅದು. ಹದಿಮೂರು ಸಲ ವಿಭಜನೆಯಾಗುವವರೆಗೆ ಬಹುಮಟ್ಟಿಗೆ ಆ ಬುತ್ತಿಯೇ ಗತಿ. ಅಷ್ಟರಲ್ಲಿ ಮೊಟ್ಟೆಯ ಹೊರಮೈಯಲ್ಲಿ ಸುಮಾರು 6,000 ಕೋಶಕೇಂದ್ರಗಳು ಸಾಲಾಗಿ ಬಂದು ನಿಂತಿರುತ್ತವೆ. ಆಗ ಓಟ ನಿಲ್ಲುತ್ತದೆ, ಸುತ್ತಲೂ ಗೋಡೆಗಳು ಏಳುತ್ತವೆ, ಭ್ರೂಣದ ಸ್ವಂತ ಜೀನ್‌ಗಳು ನೂರಾರು ಸಂಖ್ಯೆಯಲ್ಲಿ ಚಾಲೂ ಆಗುತ್ತವೆ. ಕಣ್ಣಿಗೆ ಯಾವ ವ್ಯತ್ಯಾಸವೂ ಕಾಣದ ಆ ಮೊಟ್ಟೆಯ ಮೇಲೆ, ಸರಿಯಾದ ಬಣ್ಣ ಹಾಕಿ ನೋಡಿದರೆ, ಏಳು ಪಟ್ಟೆಗಳು ಮೂಡಿರುತ್ತವೆ.

ಈ ಎರಡು ಗಂಟೆಗಳನ್ನು ಅರ್ಥ ಮಾಡಿಕೊಳ್ಳಲು ವಿಜ್ಞಾನಿಗಳಿಗೆ ಸುಮಾರು ಒಂದು ಶತಮಾನ ಹಿಡಿಯಿತು. ಅದರಲ್ಲೂ ಒಂದು ತಮಾಷೆಯಿದೆ. ಭ್ರೂಣದಲ್ಲಿ ಕೊನೆಗೆ ನಡೆಯುವುದು ಮೊದಲು ತಿಳಿಯಿತು, ಅದಕ್ಕೂ ಮುಂಚಿನದು ಆಮೇಲೆ ತಿಳಿಯಿತು, ಎಲ್ಲಕ್ಕಿಂತ ಮೊದಲು ನಡೆಯುವುದು ಎಲ್ಲಕ್ಕಿಂತ ಕೊನೆಗೆ ತಿಳಿಯಿತು. ಸಂಶೋಧನೆಯ ಚರಿತ್ರೆ ಇಲ್ಲಿ ನೊಣದ ಚರಿತ್ರೆಗೆ ತಿರುಗುಮುರುಗಾಗಿ ನಡೆದಿದೆ.

ಮೊದಲ ಹೆಜ್ಜೆ ನ್ಯೂಯಾರ್ಕಿನದು. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಥಾಮಸ್ ಹಂಟ್ ಮಾರ್ಗನ್ ಹಾಲಿನ ಬಾಟಲಿಗಳಲ್ಲಿ ನೊಣ ಸಾಕುತ್ತಿದ್ದ ಕೋಣೆ ವಿಜ್ಞಾನದ ಚರಿತ್ರೆಯಲ್ಲಿ ಪ್ರಸಿದ್ಧ. 1910ರಲ್ಲಿ ಅವರ ಕಣ್ಣಿಗೆ ಬಿದ್ದ ಬಿಳಿಗಣ್ಣಿನ ನೊಣದ ಕಥೆ ಪಠ್ಯಪುಸ್ತಕಗಳಲ್ಲಿದೆ, ಅದನ್ನು ಬಿಡೋಣ. ನಮಗೆ ಬೇಕಾದದ್ದು ಅವರ ಶಿಷ್ಯ ಕ್ಯಾಲ್ವಿನ್ ಬ್ರಿಡ್ಜಸ್ 1915ರಲ್ಲಿ ಕಂಡ ಇನ್ನೊಂದು ನೊಣ. ನೊಣಕ್ಕೆ ಒಂದೇ ಜೊತೆ ರೆಕ್ಕೆ. ಅದರ ಹಿಂದೆ, ದೇಹದ ನಂತರದ ಖಂಡದಲ್ಲಿ, ಹಾರುವಾಗ ತೂಕ ಸರಿದೂಗಿಸುವ ಹಾಲ್ಟೀರ್ ಎಂಬ ಪುಟ್ಟ ಗುಂಡಿಗಳ ಜೊತೆ. ಬ್ರಿಡ್ಜಸ್ ಕಂಡ ನೊಣದಲ್ಲಿ ಆ ಗುಂಡಿಗಳು ಅರೆಬರೆ ರೆಕ್ಕೆಗಳಾಗಲು ಹೊರಟಿದ್ದವು. ಅಂಗವೇನೋ ಸರಿಯಾಗಿಯೇ ಇದೆ, ಬೆಳೆದ ಜಾಗ ಮಾತ್ರ ತಪ್ಪು. ಈ ಮ್ಯುಟೇಶನ್ನಿಗೆ ‘ಬೈಥೊರಾಕ್ಸ್’ ಎಂದು ಹೆಸರಾಯಿತು.

ಅದನ್ನು ಹಿಡಿದು ಕೂತವರು ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್‌ನ ಎಡ್ವರ್ಡ್ ಲೂಯಿಸ್. 1940ರ ದಶಕದಿಂದ ಅವರು ಅದೊಂದೇ ಜೀನ್‌ಗುಚ್ಛವನ್ನು ಕೆದಕುತ್ತ ಬಂದರು. ಮ್ಯುಟೇಶನ್‌ಗಳನ್ನು ಒಂದರ ಮೇಲೊಂದು ಕೂಡಿಸಿ, ಕೊನೆಗೆ ಎರಡು ಪೂರ್ತಿ ಜೊತೆ ರೆಕ್ಕೆಗಳ, ಅಂದರೆ ನಾಲ್ಕು ರೆಕ್ಕೆಗಳ ನೊಣವನ್ನು ಬೆಳೆಸಿ ತೋರಿಸಿದರು. 1978ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅವರ ಪ್ರಬಂಧ ಬಂತು. ಒತ್ತೊತ್ತಾದ, ಓದಲು ಬಲು ಕಷ್ಟವಾದ ಬರಹ. ಅದರ ತಿರುಳು ಇಷ್ಟು: ದೇಹದ ಯಾವ ಖಂಡ ಏನಾಗಬೇಕೆಂದು ನಿರ್ಧರಿಸುವ ಜೀನ್‌ಗಳು ಕ್ರೋಮೊಸೋಮಿನ ಮೇಲೆ ಸಾಲಾಗಿ ಕೂತಿವೆ; ಆ ಸಾಲಿನ ಕ್ರಮವೂ ದೇಹದ ಖಂಡಗಳ ಕ್ರಮವೂ ಒಂದೇ. ಈ ಗುಚ್ಛದ ‘ಅಲ್ಟ್ರಾಬೈಥೊರಾಕ್ಸ್’ ಜೀನ್ ರೆಕ್ಕೆಯನ್ನು ಹೇಗೆ ಹಾಲ್ಟೀರಾಗಿ ಬದಲಿಸುತ್ತದೆ ಎಂಬುದನ್ನು ನಮ್ಮ ದೇಶದಲ್ಲೂ ಎಲ್.ಎಸ್. ಶಶಿಧರ ಮತ್ತು ಸಂಗಡಿಗರು ಹೈದರಾಬಾದಿನ ಸಿಸಿಎಂಬಿಯಲ್ಲಿ ವರ್ಷಗಟ್ಟಲೆ ಬಿಡಿಸಿ ನೋಡಿದ್ದಾರೆ. ಮೈಸೂರಿನ ಮಾನಸಗಂಗೋತ್ರಿಯಲ್ಲಂತೂ ಈ ನೊಣಗಳದೇ ಒಂದು ಸಂಗ್ರಹಕೇಂದ್ರವಿದೆ.

ಆದರೆ ಲೂಯಿಸರ ಜೀನ್‌ಗಳು ಕೆಲಸಕ್ಕೆ ಇಳಿಯುವುದು ತಡವಾಗಿ. ಖಂಡಗಳು ಮೊದಲು ಆಗಬೇಕು, ಆಮೇಲೆ ತಾನೇ ಯಾವ ಖಂಡ ಯಾವುದೆಂದು ತೀರ್ಮಾನಿಸುವುದು? ಖಂಡಗಳನ್ನು ಮಾಡುವವರು ಯಾರು?

ಈ ಪ್ರಶ್ನೆ ಇಟ್ಟುಕೊಂಡು ಇಬ್ಬರು ಯುವ ವಿಜ್ಞಾನಿಗಳು 1978ರಲ್ಲಿ ಪಶ್ಚಿಮ ಜರ್ಮನಿಯ ಹೈಡೆಲ್‌ಬರ್ಗ್‌ಗೆ ಬಂದರು. ಯುರೋಪಿನ ಹಲವು ದೇಶಗಳು ಸೇರಿ ಕಟ್ಟಿದ ಇಎಂಬಿಎಲ್ ಎಂಬ ಅಣುಜೀವವಿಜ್ಞಾನ ಪ್ರಯೋಗಾಲಯ ಆಗಷ್ಟೇ ಅಲ್ಲಿ ತಲೆಯೆತ್ತಿತ್ತು. ಕ್ರಿಸ್ಟಿಯಾನೆ ನ್ಯುಸ್ಲೈನ್-ಫೋಲ್ಹಾರ್ಟ್ ಮೂಲತಃ ಜೀವರಸಾಯನದವರು, ವೈರಸ್‌ಗಳ ಮೇಲೆ ಪಿಎಚ್‌ಡಿ ಮಾಡಿ, ಆಮೇಲೆ ಬಾಸೆಲ್‌ನಲ್ಲಿ ವಾಲ್ಟರ್ ಗೇರಿಂಗ್ ಅವರ ಪ್ರಯೋಗಾಲಯಕ್ಕೆ ಹೋಗಿ ನೊಣ ಹಿಡಿದವರು. ಅಮೆರಿಕದ ಎರಿಕ್ ವೀಶೌಸ್ ಅವರ ಪರಿಚಯವಾದದ್ದೂ ಅಲ್ಲೇ. ಇಬ್ಬರಿಗೂ ಸೇರಿ ಒಂದೇ ಪ್ರಯೋಗಾಲಯ, ಇಬ್ಬರಿಗೂ ಇನ್ನೂ ದೊಡ್ಡ ಹೆಸರಿಲ್ಲ.

ಆ ಕಾಲಕ್ಕೆ ಜೀನ್‌ಗಳನ್ನು ಕತ್ತರಿಸಿ ಬ್ಯಾಕ್ಟೀರಿಯಾದೊಳಗೆ ಸೇರಿಸಿ ನಕಲು ತೆಗೆಯುವ ಹೊಸ ವಿದ್ಯೆ ಬಂದಿತ್ತು. ಎಲ್ಲರೂ ಅದರ ಹಿಂದೆ. ಇವರಿಬ್ಬರು ಆರಿಸಿಕೊಂಡದ್ದು ಮಾರ್ಗನ್ನರ ಕಾಲದ ಹಳೆಯ ದಾರಿ: ಕೆಡಿಸು, ಕೆಟ್ಟದ್ದನ್ನು ನೋಡು, ಯಾವುದು ಕೆಟ್ಟರೆ ಏನು ತಪ್ಪುತ್ತದೆ ಎಂದು ಬರೆದಿಡು. ಹೊಸತನವಿದ್ದದ್ದು ಅವರ ಹಟದಲ್ಲಿ. ಒಂದೆರಡು ಜೀನ್ ಸಿಕ್ಕರೆ ಸಾಲದು, ಭ್ರೂಣದ ಮೈಕಟ್ಟಿಗೆ ಬೇಕಾದ ಎಲ್ಲ ಜೀನ್‌ಗಳೂ ಬೇಕು.

ಕೆಲಸದ ಕ್ರಮ ಹೀಗಿತ್ತು. ಗಂಡು ನೊಣಗಳಿಗೆ ಇಎಂಎಸ್ ಎಂಬ, ಡಿಎನ್‌ಎಯನ್ನು ಕೆಡಿಸುವ ರಾಸಾಯನಿಕವನ್ನು ಸಕ್ಕರೆ ನೀರಿನಲ್ಲಿ ಕಲಸಿ ಕುಡಿಸುವುದು. ಅವುಗಳ ವೀರ್ಯಾಣುಗಳಲ್ಲಿ ಎಲ್ಲೆಲ್ಲೋ ಮ್ಯುಟೇಶನ್ ಆಗಿರುತ್ತದೆ. ಒಂದೊಂದು ಕೆಟ್ಟ ಕ್ರೋಮೊಸೋಮಿನಿಂದ ಒಂದೊಂದು ಪ್ರತ್ಯೇಕ ವಂಶ ಬೆಳೆಸಿ, ಅಣ್ಣತಂಗಿಯರನ್ನೇ ಕೂಡಿಸಿದರೆ, ಮೊಟ್ಟೆಗಳಲ್ಲಿ ಕಾಲುಭಾಗಕ್ಕೆ ಆ ಕೆಟ್ಟ ಜೀನ್ ತಂದೆಯಿಂದಲೂ ತಾಯಿಯಿಂದಲೂ ಬರುತ್ತದೆ. ಜೀನ್ ಮುಖ್ಯವಾದದ್ದಾಗಿದ್ದರೆ ಆ ಮೊಟ್ಟೆಗಳು ಒಡೆಯುವುದೇ ಇಲ್ಲ. ಉಳಿದೆಲ್ಲರೂ ಕಸದ ಬುಟ್ಟಿಗೆ ಎಸೆಯುತ್ತಿದ್ದ ಆ ಸತ್ತ ಮೊಟ್ಟೆಗಳೇ ಇವರಿಗೆ ಬೇಕಾದದ್ದು. ಮಾಂಸ ಕರಗಿ ಚರ್ಮ ಮಾತ್ರ ಉಳಿಯುವ ದ್ರಾವಣದಲ್ಲಿ ಅವನ್ನು ಇಟ್ಟರೆ ಗಾಜಿನಷ್ಟು ತಿಳಿಯಾದ ಪೊರೆಯೊಂದು ಸಿಗುತ್ತದೆ. ಮರಿಹುಳುವಿನ ಹೊಟ್ಟೆಯ ಕಡೆ ಒಂದೊಂದು ಖಂಡಕ್ಕೂ ಸಣ್ಣ ಸಣ್ಣ ಮುಳ್ಳುಗಳ ಒಂದೊಂದು ಸಾಲು. ಎದೆಗೆ ಮೂರು, ಹೊಟ್ಟೆಗೆ ಎಂಟು. ಅದನ್ನು ಎಣಿಸುವುದು, ಆಕಾರ ನೋಡುವುದು. ಇಬ್ಬರೂ ಒಟ್ಟಿಗೆ ನೋಡಬಲ್ಲ ಜೋಡಿ ಕಣ್ಣುಕೊಳವೆಗಳ ಸೂಕ್ಷ್ಮದರ್ಶಕವೊಂದಿತ್ತು. ಎದುರುಬದುರು ಕೂತು ಒಂದೇ ಸತ್ತ ಮರಿಯನ್ನು ಇಬ್ಬರೂ ನೋಡುತ್ತ, ಇದು ಹೊಸತೋ ನಿನ್ನೆ ಕಂಡದ್ದೋ ಎಂದು ವಾದಿಸುತ್ತ ತಿಂಗಳುಗಳು ಕಳೆದವು.

ಎಲ್ಲ ಸಿಕ್ಕಿತೆಂದು ಗೊತ್ತಾಗುವುದು ಹೇಗೆ? ಹುಡುಕುತ್ತ ಹೋದಂತೆ ಹೊಸ ಜೀನ್ ಸಿಗುವುದು ಕಡಿಮೆಯಾಗಿ, ಸಿಕ್ಕಿದ ಜೀನ್‌ಗಳೇ ಮತ್ತೆ ಮತ್ತೆ ಸಿಗತೊಡಗುತ್ತವೆ. ಅಲ್ಲಿಗೆ ತಳ ಮುಟ್ಟಿತೆಂದು ಲೆಕ್ಕ. ಮುಂದೆ ಗೆರ್ಡ್ ಯುರ್ಗೆನ್ಸ್ ಕೂಡ ಸೇರಿಕೊಂಡರು. ಒಟ್ಟು ಸುಮಾರು 27,000 ವಂಶಗಳನ್ನು ಬೆಳೆಸಿ ನೋಡಿದರೆ, ಭ್ರೂಣದ ಮೈಕಟ್ಟನ್ನು ಕೆಡಿಸುವ ಜೀನ್‌ಗಳು ಉಳಿದದ್ದು ನೂರಿಪ್ಪತ್ತರ ಆಸುಪಾಸು. ಸಾವಿರಾರು ಜೀನ್‌ಗಳ ಪ್ರಾಣಿಯ ಆಕಾರ ಇಷ್ಟು ಚಿಕ್ಕ ಗುಂಪಿನ ಕೈಯಲ್ಲಿದೆ ಎಂದು ಆಗ ಯಾರೂ ಊಹಿಸಿರಲಿಲ್ಲ.

1980ರ ಅಕ್ಟೋಬರ್ 30ರ ‘ನೇಚರ್’ ಸಂಚಿಕೆಯಲ್ಲಿ ಬಂದ ಮೊದಲ ಪ್ರಬಂಧದಲ್ಲಿ ಇದ್ದದ್ದು ಹದಿನೈದೇ ಜೀನ್‌ಗಳು. ಅವು ಮೂರು ಗುಂಪಾಗಿ ಬಿದ್ದಿದ್ದವು. ‘ಕ್ರುಪ್ಪೆಲ್’, ‘ಕ್ನಿರ್ಪ್ಸ್’, ‘ಹಂಚ್‌ಬ್ಯಾಕ್’ ಎಂಬ ಮೂರು ಕೆಟ್ಟರೆ ದೇಹದ ಒಂದು ದೊಡ್ಡ ಭಾಗವೇ ಇಲ್ಲವಾಗುತ್ತಿತ್ತು. ಇನ್ನಾರು ಕೆಟ್ಟರೆ ಖಂಡ ಬಿಟ್ಟು ಖಂಡ ಮಾಯ. ಉಳಿದ ಆರು ಕೆಟ್ಟರೆ ಖಂಡಗಳ ಸಂಖ್ಯೆ ಸರಿಯಿದ್ದರೂ ಪ್ರತಿ ಖಂಡದ ಒಂದು ಭಾಗ ಹೋಗಿ, ಉಳಿದ ಭಾಗವೇ ತಿರುಗಿಸಿಟ್ಟ ಪ್ರತಿಬಿಂಬವಾಗಿ ಮೂಡುತ್ತಿತ್ತು. ಅಂದರೆ ಭ್ರೂಣ ತನ್ನನ್ನು ಮೊದಲು ದೊಡ್ಡ ದೊಡ್ಡ ತುಂಡುಗಳಾಗಿ ಭಾಗ ಮಾಡಿಕೊಳ್ಳುತ್ತದೆ, ಆಮೇಲೆ ಜೋಡಿ ಖಂಡಗಳಾಗಿ, ಕೊನೆಗೆ ಒಂದೊಂದು ಖಂಡದ ಹಿಂದು-ಮುಂದಾಗಿ. ಡಿಎನ್‌ಎಯ ಒಂದಕ್ಷರವನ್ನೂ ಓದದೆ, ಸತ್ತ ಮರಿಗಳ ಚರ್ಮ ನೋಡಿಯೇ ಈ ಶ್ರೇಣಿಯನ್ನು ಕಂಡದ್ದು ನನಗಂತೂ ಕಳೆದ ಶತಮಾನದ ಜೀವವಿಜ್ಞಾನದಲ್ಲಿ ಅತ್ಯಂತ ಬೆರಗಿನ ಸಾಧನೆಗಳಲ್ಲಿ ಒಂದು. ಆ ಹದಿನೈದರಲ್ಲಿದ್ದ ‘ಹೆಡ್ಜ್‌ಹಾಗ್’ ಮತ್ತು ‘ಪ್ಯಾಚ್ಡ್’ ಜೀನ್‌ಗಳ ನಂಟರು ಮನುಷ್ಯರಲ್ಲೂ ಸಿಕ್ಕಿ, ಅವು ದಾರಿ ತಪ್ಪಿದಾಗ ಬರುವ ಒಂದು ಬಗೆಯ ಚರ್ಮದ ಕ್ಯಾನ್ಸರಿಗೆ 2012ರಲ್ಲಿ ಔಷಧಿಯೇ ಬಂತು. ನೊಣದ ಮೇಲೆ ದುಡ್ಡು ಯಾಕೆ ಸುರಿಯಬೇಕೆಂದು ಕೇಳುವವರಿಗೆ ಇಷ್ಟು ಉತ್ತರ ಸಾಕು.

ಈಗ ಪ್ರಶ್ನೆ ಇನ್ನೊಂದು ಮೆಟ್ಟಿಲು ಹಿಂದಕ್ಕೆ ಸರಿಯಿತು. ಕ್ರುಪ್ಪೆಲ್, ಹಂಚ್‌ಬ್ಯಾಕ್‌ಗಳು ಭ್ರೂಣದ ಸ್ವಂತ ಜೀನ್‌ಗಳು. ಅವು ನಡುಭಾಗ ಯಾವುದು, ಮುಂಭಾಗ ಯಾವುದೆಂದು ತಿಳಿದುಕೊಳ್ಳುವುದು ಹೇಗೆ? ಹೇಳುವವಳು ತಾಯಿಯೇ ಇರಬೇಕು. ಕೀಟಗಳ ಮೊಟ್ಟೆಯ ತುದಿಗಳಲ್ಲಿ ಏನೋ ಇದೆ, ಅದು ತೆಳುವಾಗುತ್ತ ಹರಡುತ್ತದೆ ಎಂದು ಫ್ರೈಬುರ್ಗ್‌ನ ಕ್ಲಾಸ್ ಸಾಂಡರ್ ಜಿಗಿಹುಳುಗಳ ಮೊಟ್ಟೆಗಳ ಮೇಲೆ ಪ್ರಯೋಗ ಮಾಡಿ ಮೊದಲೇ ಸೂಚಿಸಿದ್ದರು. ಆದರೆ ಅದು ಯಾವ ವಸ್ತು ಎಂದು ತೋರಿಸಿದವರಿರಲಿಲ್ಲ.

ಹೈಡೆಲ್‌ಬರ್ಗ್ ಬಿಟ್ಟು ಟ್ಯೂಬಿಂಗನ್ ಸೇರಿದ್ದ ನ್ಯುಸ್ಲೈನ್-ಫೋಲ್ಹಾರ್ಟ್ ಈ ಸಲ ತಾಯಂದಿರನ್ನು ಪರೀಕ್ಷಿಸಿದರು. ‘ಬೈಕಾಯ್ಡ್’ ಎಂಬ ಜೀನ್ ಇಲ್ಲದ ಹೆಣ್ಣು ನೊಣ ತಾನು ಆರೋಗ್ಯವಾಗಿಯೇ ಇರುತ್ತದೆ. ಅದರ ಮರಿಗೆ ಮಾತ್ರ ತಲೆಯೂ ಇಲ್ಲ, ಎದೆಯೂ ಇಲ್ಲ, ಮುಂದುಗಡೆಯೂ ಬಾಲದ ತುದಿಯೇ! 1986ರಲ್ಲಿ ಅವರ ವಿದ್ಯಾರ್ಥಿ ಹಾನ್ಸ್ ಗೆಯೋರ್ಗ್ ಫ್ರೋನ್‌ಹೋಫರ್ ಜೊತೆ ಪ್ರಕಟಿಸಿದ ಪ್ರಯೋಗ ಸರಳವೂ ಹೌದು, ನಿರ್ದಾಕ್ಷಿಣ್ಯವೂ ಹೌದು. ಸಹಜ ಮೊಟ್ಟೆಯ ಮುಂತುದಿಯಿಂದ ಸೂಜಿಯಲ್ಲಿ ಹನಿ ರಸ ಹೀರಿ, ಬೈಕಾಯ್ಡ್ ಇಲ್ಲದ ಮೊಟ್ಟೆಗೆ ಚುಚ್ಚಿದರು. ಚುಚ್ಚಿದ ಕಡೆ ತಲೆಯ ಭಾಗಗಳು ಬಂದವು. ಮಧ್ಯಕ್ಕೆ ಚುಚ್ಚಿದರೆ ಮಧ್ಯದಲ್ಲೇ.

1988ರಲ್ಲಿ ವೋಲ್ಫ್‌ಗಾಂಗ್ ಡ್ರೀವರ್ ಆ ಪ್ರೋಟೀನಿಗೆ ಬಣ್ಣ ಹಾಕಿ ತೋರಿಸಿದರು. ತಾಯಿ ಬೈಕಾಯ್ಡ್ ಆರ್‌ಎನ್‌ಎಯನ್ನು ಮೊಟ್ಟೆಯ ಮುಂತುದಿಗೆ ಕಟ್ಟಿಹಾಕಿರುತ್ತಾಳೆ. ಅಲ್ಲಿ ಹುಟ್ಟಿದ ಪ್ರೋಟೀನ್ ಹಿಂದಕ್ಕೆ ಹರಡುತ್ತ ಹೋದಂತೆ ತೆಳುವಾಗುತ್ತದೆ. ಮುಂದೆ ದಟ್ಟ, ನಡುವೆ ವಿರಳ, ಹಿಂದೆ ಇಲ್ಲವೆನ್ನುವಷ್ಟು ಕಡಿಮೆ. ತಾಯಿಗೆ ಈ ಜೀನಿನ ಹೆಚ್ಚುವರಿ ಪ್ರತಿಗಳನ್ನು ಕೊಟ್ಟರೆ ಮೊಟ್ಟೆಯಲ್ಲಿ ತಲೆ ಮುಗಿಯುವ ಗೆರೆ ಹಿಂದಕ್ಕೆ ಸರಿಯುತ್ತಿತ್ತು, ಒಂದೇ ಪ್ರತಿ ಉಳಿಸಿದರೆ ಮುಂದಕ್ಕೆ. ಮರುವರ್ಷ, ಈ ಪ್ರೋಟೀನ್ ಹಂಚ್‌ಬ್ಯಾಕ್ ಜೀನಿನ ಪಕ್ಕದ ಡಿಎನ್‌ಎಗೆ ನೇರವಾಗಿ ಅಂಟಿಕೊಂಡು ಅದನ್ನು ಚಾಲೂ ಮಾಡುತ್ತದೆ ಎಂಬುದೂ ಖಚಿತವಾಯಿತು. ತಾಯಿಯ ಬುತ್ತಿಯಲ್ಲಿ ಅನ್ನದ ಜೊತೆಗೆ ವಿಳಾಸದ ಚೀಟಿಯೂ ಇತ್ತು. 2007ರಲ್ಲಿ ಪ್ರಿನ್ಸ್‌ಟನ್ನಿನ ಥಾಮಸ್ ಗ್ರೆಗೊರ್ ಮತ್ತು ಸಂಗಡಿಗರು ಜೀವಂತ ಭ್ರೂಣದಲ್ಲಿ ಅಳೆದು ನೋಡಿದಾಗ ಆ ಚೀಟಿಯ ಬರಹ ಎಷ್ಟು ನಿಖರವೆಂದು ತಿಳಿಯಿತು: ಬೈಕಾಯ್ಡ್ ಪ್ರಮಾಣದಲ್ಲಿ ಶೇಕಡಾ 10ರಷ್ಟು ವ್ಯತ್ಯಾಸವಿದ್ದರೂ ಅಕ್ಕಪಕ್ಕದ ಕೋಶಕೇಂದ್ರಗಳು ಅದನ್ನು ಗುರುತಿಸಬಲ್ಲವು.

ಇನ್ನು ಏಳು ಪಟ್ಟೆಗಳ ಕಥೆ. ಹೈಡೆಲ್‌ಬರ್ಗ್‌ನ ಪಟ್ಟಿಯಲ್ಲಿ ‘ಈವನ್-ಸ್ಕಿಪ್ಡ್’ ಎಂಬ ಜೀನ್ ಇತ್ತು. ಪ್ರಯೋಗಾಲಯಗಳಲ್ಲಿ ಎಲ್ಲರೂ ಅದನ್ನು ಕರೆಯುವುದು ‘ಈವ್’ ಎಂದೇ. ಭ್ರೂಣದಲ್ಲಿ ಅದು ಏಳು ಅಡ್ಡಪಟ್ಟೆಗಳಾಗಿ ಹೊತ್ತಿಕೊಳ್ಳುತ್ತದೆ. ಸಮ ಅಂತರದ, ಸಮ ಅಗಲದ ಅಚ್ಚುಕಟ್ಟಾದ ಪಟ್ಟೆಗಳು. ಗಣಿತಜ್ಞರಿಗೆ ಇದನ್ನು ಕಂಡರೆ ಆನಂದ. ಯಾಕೆಂದರೆ 1952ರಲ್ಲೇ ಅಲನ್ ಟ್ಯೂರಿಂಗ್, ಎರಡು ರಾಸಾಯನಿಕಗಳು ಒಂದರೊಡನೊಂದು ವರ್ತಿಸುತ್ತ ಬೇರೆ ಬೇರೆ ವೇಗದಲ್ಲಿ ಹರಡಿದರೆ ತಾವಾಗಿಯೇ ಪಟ್ಟೆಗಳು ಮೂಡಬಹುದೆಂದು ಸಮೀಕರಣ ಬರೆದು ತೋರಿಸಿದ್ದರು. ನೊಣದ ಏಳು ಪಟ್ಟೆಗಳೂ ಹಾಗೇ ಒಂದೇ ಸೂತ್ರದಿಂದ ಬಂದಿರಬೇಕೆಂಬ ನಿರೀಕ್ಷೆ ಸಹಜವಾಗಿಯೇ ಇತ್ತು.

ನೊಣ ಆ ಸೂತ್ರವನ್ನು ಬಳಸಿರಲಿಲ್ಲ. 1989ರ ಹೊತ್ತಿಗೆ ಈವ್ ಜೀನಿನ ಅಕ್ಕಪಕ್ಕದ ಡಿಎನ್‌ಎಯನ್ನು ತುಂಡು ತುಂಡಾಗಿ ಕತ್ತರಿಸಿ ಪರೀಕ್ಷಿಸಿದಾಗ, ಒಂದು ತುಂಡು ಒಂದು ಪಟ್ಟೆಯನ್ನು, ಇನ್ನೊಂದು ತುಂಡು ಮತ್ತೊಂದು ಪಟ್ಟೆಯನ್ನು ಮಾಡುವುದು ಕಂಡಿತು. ಮುಂದೆ ಲೆಕ್ಕ ಪೂರ್ತಿಯಾದಾಗ, ಎರಡನೇ ಪಟ್ಟೆಗೆ ಒಂದು ಸ್ವಿಚ್, ಮೂರಕ್ಕೂ ಏಳಕ್ಕೂ ಸೇರಿ ಒಂದು, ನಾಲ್ಕಕ್ಕೂ ಆರಕ್ಕೂ ಒಂದು, ಒಂದಕ್ಕೊಂದು, ಐದಕ್ಕೊಂದು. ಏಳು ಪಟ್ಟೆಗೆ ಐದು ಬೇರೆ ಬೇರೆ ಸ್ವಿಚ್‌ಗಳು! ಪಟ್ಟೆಗಳು ಒಂದೇ ಥರ ಕಂಡದ್ದಷ್ಟೇ, ಹುಟ್ಟಿದ ದಾರಿ ಬೇರೆ. ಕೇಂಬ್ರಿಜ್‌ನ ಮೈಕೆಲ್ ಏಕಮ್ ಆ ವರ್ಷ ‘ನೇಚರ್’ನಲ್ಲಿ ಬರೆದ ಟಿಪ್ಪಣಿಗೆ ಕೊಟ್ಟ ಶೀರ್ಷಿಕೆ, ನೊಣ ಪಟ್ಟೆಗಳನ್ನು ಸೊಗಸಿಲ್ಲದೆ ಮಾಡುತ್ತದೆ ಎಂಬರ್ಥದ್ದು. ನನಗೆ ಆ ಮಾತು ಅರ್ಧ ಮಾತ್ರ ಒಪ್ಪಿಗೆ. ಗಣಿತದ ಸೊಗಸು ಇಲ್ಲ, ನಿಜ. ಆದರೆ ಒಂದೊಂದು ಸ್ವಿಚ್ಚನ್ನೂ ಬಿಡಿಸಿ ನೋಡಿದರೆ ಬೇರೊಂದು ಸೊಗಸು ಕಾಣುತ್ತದೆ.

ಎರಡನೇ ಪಟ್ಟೆಯನ್ನು ಬಿಡಿಸಿದವರು ಮೈಕೆಲ್ ಲೆವೀನ್ ಅವರ ಪ್ರಯೋಗಾಲಯದವರು. ಲೆವೀನ್ ಹಿಂದೆ ಬಾಸೆಲ್‌ನ ಗೇರಿಂಗ್ ಅವರಲ್ಲೇ ಇದ್ದು, ವಿಲಿಯಮ್ ಮೆಗಿನಿಸ್ ಮೊದಲಾದವರ ಜೊತೆ ಹೋಮಿಯೊಬಾಕ್ಸ್ ಎಂಬ, ನೊಣದಿಂದ ಮನುಷ್ಯನವರೆಗೆ ಎಲ್ಲರಲ್ಲೂ ಇರುವ ಡಿಎನ್‌ಎ ತುಣುಕನ್ನು ಕಂಡುಹಿಡಿದವರಲ್ಲಿ ಒಬ್ಬರು. 1991-92ರಲ್ಲಿ ಸ್ಟೀಫನ್ ಸ್ಮಾಲ್ ಮತ್ತಿತರರೊಂದಿಗೆ ಅವರು ಎರಡನೇ ಪಟ್ಟೆಯ ಸ್ವಿಚ್ಚನ್ನು 480 ಅಕ್ಷರಗಳ ಒಂದು ತುಂಡಿಗೆ ಇಳಿಸಿದರು. ಡಿಎನ್‌ಎಯ ಈ ಬಗೆಯ ತುಂಡಿಗೆ ಎನ್‌ಹ್ಯಾನ್ಸರ್ ಎಂದು ಹೆಸರು. ಅದು ಜೀನ್ ಅಲ್ಲ, ಅದರಿಂದ ಪ್ರೋಟೀನ್ ಆಗುವುದಿಲ್ಲ. ಅದರ ಮೇಲೆ ನಾಲ್ಕು ಬಗೆಯ ಪ್ರೋಟೀನ್‌ಗಳು ಬಂದು ಅಂಟುತ್ತವೆ. ಬೈಕಾಯ್ಡ್ ಮತ್ತು ಹಂಚ್‌ಬ್ಯಾಕ್ ‘ಹೊತ್ತಿಸು’ ಎನ್ನುವವು. ‘ಜೈಂಟ್’ ಮತ್ತು ಕ್ರುಪ್ಪೆಲ್ ‘ಬೇಡ’ ಎನ್ನುವವು. ಹೊತ್ತಿಸುವ ಎರಡೂ ಭ್ರೂಣದ ಮುಂದಿನ ಅರ್ಧದಲ್ಲೆಲ್ಲ ಇವೆ. ಅವುಗಳ ಮಾತೇ ನಡೆದಿದ್ದರೆ ಆ ಅರ್ಧವೆಲ್ಲ ಈವ್ ಹೊತ್ತಿಕೊಳ್ಳಬೇಕಿತ್ತು. ಆದರೆ ಮುಂದುಗಡೆಯಿಂದ ಜೈಂಟ್ ತಡೆಯುತ್ತದೆ, ಹಿಂದುಗಡೆಯಿಂದ ಕ್ರುಪ್ಪೆಲ್ ತಡೆಯುತ್ತದೆ. ಇವೆರಡೂ ಇಲ್ಲದ ಕಿರಿದಾದ ಸಂದಿಯೊಂದು ನಡುವೆ ಉಳಿಯುತ್ತದೆ. ಎರಡನೇ ಪಟ್ಟೆ ಅಂದರೆ ಆ ಸಂದಿಯೇ.

ಪರೀಕ್ಷೆಯೂ ಅಷ್ಟೇ ಸ್ಪಷ್ಟವಾಗಿತ್ತು. ಆ 480 ಅಕ್ಷರಗಳಲ್ಲಿ ಜೈಂಟ್ ಅಂಟುವ ಜಾಗಗಳನ್ನು ಮಾತ್ರ ಕೆಡಿಸಿದರೆ ಪಟ್ಟೆ ಮುಂದಕ್ಕೆ ಹರಡಿತು, ಕ್ರುಪ್ಪೆಲ್ ಜಾಗಗಳನ್ನು ಕೆಡಿಸಿದರೆ ಹಿಂದಕ್ಕೆ. ಒಂದು ಜೀನ್ ಎಲ್ಲಿ ಹೊತ್ತಬೇಕೆಂಬ ತೀರ್ಮಾನವನ್ನು ಅಕ್ಷರ ಅಕ್ಷರವಾಗಿ ಓದಿದ ಮೊದಲ ಉದಾಹರಣೆಗಳಲ್ಲಿ ಇದೊಂದು. 1995ರ ನೊಬೆಲ್ ಬಹುಮಾನ ಲೂಯಿಸ್, ನ್ಯುಸ್ಲೈನ್-ಫೋಲ್ಹಾರ್ಟ್, ವೀಶೌಸ್ ಮೂವರಿಗೆ ಬಂತು, ಸರಿಯಾಗಿಯೇ ಬಂತು. ಆದರೆ ಆ ಬಹುಮಾನ ಜೀನ್‌ಗಳನ್ನು ಹುಡುಕಿದ್ದಕ್ಕೆ ಸಂದದ್ದು. ಸ್ವಿಚ್ಚನ್ನು ಓದಿದವರಿಗೆ ಇನ್ನೂ ಆ ಮರ್ಯಾದೆ ಸಿಕ್ಕಿಲ್ಲ.

ಎಲ್ಲಿ ಎಂಬುದಕ್ಕೆ ಉತ್ತರ ಸಿಕ್ಕಿತು. ಯಾವಾಗ ಎಂಬುದು ಉಳಿದಿತ್ತು. ಎರಡು ಗಂಟೆ ಸುಮ್ಮನಿದ್ದ ಜೀನ್‌ಗಳು ಆ ಹೊತ್ತಿಗೇ ಏಳುವುದು ಯಾಕೆ?

1986ರಲ್ಲಿ ಬ್ರೂಸ್ ಎಡ್ಗರ್ ಮತ್ತು ಗೆರೋಲ್ಡ್ ಶುಬಿಗರ್ ಒಂದು ಸುಳಿವು ಹಿಡಿದರು. ಅರ್ಧ ಕ್ರೋಮೊಸೋಮುಗಳಷ್ಟೇ ಇರುವ ಭ್ರೂಣಗಳು ಹದಿಮೂರಕ್ಕೆ ನಿಲ್ಲದೆ ಇನ್ನೊಂದು ಸುತ್ತು ಒಡೆಯುತ್ತಿದ್ದವು. ಅಂದರೆ ಭ್ರೂಣ ಸುತ್ತುಗಳನ್ನು ಎಣಿಸುತ್ತಿಲ್ಲ; ಕೋಶಕೇಂದ್ರಗಳ ಮೊತ್ತ ಎಷ್ಟು, ಸುತ್ತಲಿನ ರಸ ಎಷ್ಟು ಎಂದು ತೂಗಿ ನೋಡುತ್ತಿದೆ. ಬುತ್ತಿ ಹಂಚಿಕೊಳ್ಳುವ ಬಾಯಿ ಹೆಚ್ಚಾದಂತೆ ಓಟ ನಿಧಾನವಾಗುತ್ತದೆ.

ಓಟದ ವೇಗವೇ ಒಂದು ಅಡ್ಡಿಯೂ ಹೌದು. ಡಿಎನ್‌ಎಯಿಂದ ಆರ್‌ಎನ್‌ಎ ಬರೆಯುವ ಯಂತ್ರ ನೊಣದಲ್ಲಿ ನಿಮಿಷಕ್ಕೆ ಸುಮಾರು 1,500 ಅಕ್ಷರ ಬರೆಯುತ್ತದೆ. ಕೋಶಕೇಂದ್ರ ಒಡೆಯುವಾಗ ಬರೆಯುತ್ತಿದ್ದದ್ದು ಅರ್ಧಕ್ಕೇ ಬಿದ್ದುಹೋಗುತ್ತದೆ. ಲೂಯಿಸರ ಅಲ್ಟ್ರಾಬೈಥೊರಾಕ್ಸ್ ಜೀನ್ 77,000 ಅಕ್ಷರಗಳಷ್ಟು ಉದ್ದ. ಬರೆದು ಮುಗಿಸಲು ಹೆಚ್ಚುಕಡಿಮೆ ಒಂದು ಗಂಟೆ ಬೇಕು. ಎಂಟು-ಹತ್ತು ನಿಮಿಷದ ಸುತ್ತುಗಳಲ್ಲಿ ಅದರ ಪಾಡು ಏನಾದೀತು? ದೀರ್ಘವಾದ ಹದಿನಾಲ್ಕನೇ ಸುತ್ತು ಬರುವವರೆಗೆ ಅದು ಕಾಯಲೇಬೇಕು. ಇದಕ್ಕಿಂತ ಸೊಗಸಾದ ಸಾಕ್ಷ್ಯ 1992ರಲ್ಲಿ ಹರ್ಬರ್ಟ್ ಯೆಕ್ಲೆ ಅವರ ಬಳಗದಿಂದ ಬಂತು. ಕ್ನಿರ್ಪ್ಸ್ ಜೀನಿಗೆ ಒಬ್ಬ ಸೋದರನಿದ್ದಾನೆ. ಇಬ್ಬರ ಪ್ರೋಟೀನೂ ಒಂದೇ ತೆರನದು, ಇಬ್ಬರೂ ಭ್ರೂಣದಲ್ಲಿ ಒಂದೇ ಜಾಗದಲ್ಲಿ ಕೆಲಸಕ್ಕಿಳಿಯುತ್ತಾರೆ. ಆದರೂ ಕ್ನಿರ್ಪ್ಸ್ ಕೆಟ್ಟರೆ ಸೋದರ ನೆರವಿಗೆ ಬರುವುದಿಲ್ಲ. ಕಾರಣ ಅವನ ಉದ್ದ: ಕ್ನಿರ್ಪ್ಸ್ 3,000 ಅಕ್ಷರ, ಸೋದರ 23,000. ಸೋದರನಲ್ಲಿದ್ದ ಉಪಯೋಗವಿಲ್ಲದ ಉದ್ದದ ಭಾಗವನ್ನು ಕತ್ತರಿಸಿ ಹಾಕಿದ ಮೇಲೆ ಅವನು ಕ್ನಿರ್ಪ್ಸ್ ಇಲ್ಲದ ಭ್ರೂಣವನ್ನು ಕಾಪಾಡಿದ.

ಆದರೆ ಹೊತ್ತು ಬಂದಾಗ ಮೊದಲ ಕೈ ಹಾಕುವವರು ಯಾರು? 2000ದ ಮಾರ್ಚಿನಲ್ಲಿ ನೊಣದ ಜೀನೋಮ್ ಪ್ರಕಟವಾಯಿತು. ಸುಮಾರು 13,600 ಜೀನ್‌ಗಳು. ಅವುಗಳಲ್ಲಿ ಮೊಟ್ಟಮೊದಲು ಏಳುವ ಜೀನ್‌ಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಅವುಗಳ ಪಕ್ಕದ ಡಿಎನ್‌ಎಯಲ್ಲಿ ಏಳು ಅಕ್ಷರಗಳ ಒಂದು ಪದ ಮತ್ತೆ ಮತ್ತೆ ಸಿಕ್ಕಿತು: ಸಿ-ಎ-ಜಿ-ಜಿ-ಟಿ-ಎ-ಜಿ. 2006ರಲ್ಲಿ ಥಾಮಸ್ ಕ್ಲೈನ್ ಅವರ ಬಳಗ, 2007ರಲ್ಲಿ ವೀಶೌಸ್ ಅವರ ಬಳಗ ಇದನ್ನು ಗುರುತಿಸಿದ್ದವು. ಅದನ್ನು ಓದುವ ಪ್ರೋಟೀನನ್ನು 2008ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕ್ರಿಸ್ಟೀನ್ ರಶ್ಲೋ ಮತ್ತು ಸಂಗಡಿಗರು ಹಿಡಿದು ‘ಜೆಲ್ಡಾ’ ಎಂದು ಹೆಸರಿಟ್ಟರು. ಅದೂ ತಾಯಿ ಕೊಟ್ಟದ್ದೇ. ತಾಯಿ ಜೆಲ್ಡಾ ಕೊಡದಿದ್ದರೆ ಮೊದಲು ಏಳಬೇಕಾದ ಜೀನ್‌ಗಳಲ್ಲಿ ಬಹಳಷ್ಟು ಏಳುವುದೇ ಇಲ್ಲ, ಕೋಶಪೊರೆ ಕಟ್ಟುವ ಹೊತ್ತಿಗೆ ಭ್ರೂಣ ಕೆಟ್ಟು ಸಾಯುತ್ತದೆ.

ಜೆಲ್ಡಾ ಮಾಡುವ ಕೆಲಸ ಇತರ ಪ್ರೋಟೀನ್‌ಗಳದ್ದಕ್ಕಿಂತ ಬೇರೆ. ಡಿಎನ್‌ಎ ಕೋಶಕೇಂದ್ರದೊಳಗೆ ಬಿಡುಬೀಸಾಗಿ ಬಿದ್ದಿರುವುದಿಲ್ಲ, ಹಿಸ್ಟೋನ್ ಎಂಬ ಪ್ರೋಟೀನುಗಳಿಗೆ ಬಿಗಿಯಾಗಿ ಸುತ್ತಿಕೊಂಡಿರುತ್ತದೆ. ಬೈಕಾಯ್ಡ್‌ನಂಥವು ಆ ಸುತ್ತಿನೊಳಗೆ ಸುಲಭವಾಗಿ ನುಗ್ಗಲಾರವು. ಜೆಲ್ಡಾ ನುಗ್ಗುತ್ತದೆ, ಸುತ್ತನ್ನು ಸಡಿಲಿಸುತ್ತದೆ, ಬೇರೆಯವರಿಗೆ ಜಾಗ ಮಾಡುತ್ತದೆ. ಮೈಕೆಲ್ ಐಸನ್ ಅವರ ಪ್ರಯೋಗಾಲಯದಲ್ಲಿ ಮೆಲಿಸ್ಸಾ ಹ್ಯಾರಿಸನ್ 2011ರಲ್ಲಿ ಕಂಡಂತೆ, ಎಂಟನೇ ಸುತ್ತಿನಲ್ಲೇ, ಜೀನ್‌ಗಳು ಏಳಲು ಇನ್ನೂ ಸಾಕಷ್ಟು ಹೊತ್ತಿರುವಾಗಲೇ, ಜೆಲ್ಡಾ ಮುಂದೆ ಚಾಲೂ ಆಗಬೇಕಾದ ಸಾವಿರಾರು ಸ್ವಿಚ್‌ಗಳ ಮೇಲೆ ಬಂದು ಕೂತಿರುತ್ತದೆ. ಭ್ರೂಣದ ಹಿಂಭಾಗದಲ್ಲಿ ಬೈಕಾಯ್ಡ್ ತೀರಾ ವಿರಳವಾದರೂ ಅಲ್ಲೂ ಅದು ಡಿಎನ್‌ಎಗೆ ಅಂಟುವುದು ಹೇಗೆಂಬ ಒಗಟಿಗೂ ಉತ್ತರ ಇಲ್ಲೇ ಸಿಕ್ಕಿತು. ಬೈಕಾಯ್ಡ್ ಅಲ್ಲಲ್ಲಿ ದಟ್ಟವಾಗಿ ಗುಂಪುಗೂಡುತ್ತದೆ, ಹಾಗೆ ಗುಂಪುಗೂಡಲು ಜೆಲ್ಡಾ ನೆರವಾಗುತ್ತದೆ ಎಂದು 2017ರಲ್ಲಿ ಅದೇ ಐಸನ್ ಮತ್ತು ಕ್ಸೇವಿಯರ್ ದರ್ಝಾಕ್ ಅವರ ಬಳಗ ತೋರಿಸಿತು.

ಇಷ್ಟೆಲ್ಲ ತಿಳಿದದ್ದು ಬಹುಪಾಲು ಸತ್ತ, ಬಣ್ಣ ಹಾಕಿದ ಭ್ರೂಣಗಳಿಂದ. ಜೀನ್ ಹೊತ್ತುವುದನ್ನು ಜೀವಂತವಾಗಿ ನೋಡಲಾದದ್ದು 2013ರಲ್ಲಿ. ವೈರಸ್ಸೊಂದರಿಂದ ಎರವಲು ತಂದ ಗುರುತನ್ನು ಹಂಚ್‌ಬ್ಯಾಕ್‌ನ ಸ್ವಿಚ್ಚಿನಿಂದ ನಡೆಯುವ ಜೀನಿಗೆ ಸೇರಿಸಿ, ಅದರಿಂದ ಆರ್‌ಎನ್‌ಎ ಹೊರಬಂದ ಕೂಡಲೇ ಅಲ್ಲೊಂದು ಬೆಳಕಿನ ಚುಕ್ಕೆ ಮೂಡುವಂತೆ ಪ್ರಿನ್ಸ್‌ಟನ್ನಿನಲ್ಲಿ ಹರ್ನಾನ್ ಗಾರ್ಸಿಯಾ ಮತ್ತು ಗ್ರೆಗೊರ್ ಮಾಡಿದರು. ಅದೇ ವರ್ಷ ಪ್ಯಾರಿಸ್ಸಿನ ನತಾಲಿ ದೋಸ್ತಾನಿ ಅವರ ಬಳಗವೂ ಮಾಡಿತು. ಮುಂದಿನ ವರ್ಷಗಳಲ್ಲಿ ಈವ್‌ನ ಎರಡನೇ ಪಟ್ಟೆಯನ್ನೂ ಹೀಗೆ ನೋಡಿದರು. ಅಚ್ಚುಕಟ್ಟಾದ ಪಟ್ಟೆ ಎಂದು ಚಿತ್ರಗಳಲ್ಲಿ ಕಂಡದ್ದು ಜೀವಂತ ಭ್ರೂಣದಲ್ಲಿ ಬೇರೆಯೇ ಆಗಿತ್ತು. ಒಂದೊಂದು ಕೋಶಕೇಂದ್ರದಲ್ಲೂ ಜೀನ್ ಹೊತ್ತುತ್ತದೆ, ಆರುತ್ತದೆ, ಮತ್ತೆ ಹೊತ್ತುತ್ತದೆ. ಪಟ್ಟೆ ಪೂರ್ತಿಯಾಗಿ ಕಾಣುವುದು ಕೆಲವೇ ನಿಮಿಷ, ಆಮೇಲೆ ಚೆದುರುತ್ತದೆ. ಒಂದೇ ಎನ್‌ಹ್ಯಾನ್ಸರ್ ಎರಡು ಜೀನ್‌ಗಳನ್ನು ಒಟ್ಟೊಟ್ಟಿಗೆ ಹೊತ್ತಿಸುವುದನ್ನೂ 2016ರಲ್ಲಿ ಲೆವೀನ್ ಅವರ ಬಳಗ ನೋಡಿತು. ಒಂದು ಸ್ವಿಚ್ ಒಂದು ಸಲಕ್ಕೆ ಒಂದೇ ಜೀನನ್ನು ಮುಟ್ಟಿ ನಿಲ್ಲುತ್ತದೆ ಎಂಬ ಹಳೆಯ ಚಿತ್ರಕ್ಕೆ ಇದು ಹೊಂದುವುದಿಲ್ಲ. ಸ್ವಿಚ್ ಎಂಬ ಮಾತನ್ನು ನಾನೂ ಇಲ್ಲಿ ಉದ್ದಕ್ಕೂ ಬಳಸಿದ್ದೇನೆ, ಬೇರೆ ಸರಳ ಮಾತಿಲ್ಲ. ಆದರೆ ಒತ್ತಿದರೆ ಸಾಕು ಉರಿಯುತ್ತಲೇ ಇರುವ ಸ್ವಿಚ್ ಇದಲ್ಲ.

ಜೆಲ್ಡಾ ಇರುವುದು ಕೀಟಗಳಲ್ಲಿ ಮತ್ತು ಅವುಗಳ ಹತ್ತಿರದ ಬಂಧುಗಳಲ್ಲಿ ಮಾತ್ರ. ಜೀಬ್ರಾಮೀನಿನಲ್ಲಿ ಅದೇ ಕೆಲಸವನ್ನು ನ್ಯಾನಾಗ್ ಮತ್ತು ಅದರ ಜೊತೆಯ ಬೇರೆ ಪ್ರೋಟೀನ್‌ಗಳು ಮಾಡುತ್ತವೆಂದು 2013ರಲ್ಲಿ ಗೊತ್ತಾಯಿತು. ಮನುಷ್ಯರ ಭ್ರೂಣದಲ್ಲಿ ಸ್ವಂತ ಜೀನ್‌ಗಳು ಏಳುವುದು ನಾಲ್ಕರಿಂದ ಎಂಟು ಕೋಶಗಳಾಗುವ ಹೊತ್ತಿಗೆ ಎಂದು ಪೀಟರ್ ಬ್ರೋಡ್ ಮತ್ತು ಸಂಗಡಿಗರು 1988ರಲ್ಲೇ ತೋರಿಸಿದ್ದರು. ತಾಯಿಯ ಬುತ್ತಿಯ ಮೇಲೆ ನೊಣ ಕಳೆಯುವುದು ಸುಮಾರು ಎರಡು ಗಂಟೆ, ಮೀನು ಮೂರು ಗಂಟೆ, ನಾವು ಎರಡು-ಮೂರು ದಿನ.